ಸಿಬ್ಬಲಿನ ಕೆಳಗಿನ ಪಾತ್ರೆ

ಈ ಲೇಖನಕ್ಕೆ ಕಾರಣ ನಮ್ಮದೇ ಒಂದು ಅಪರಾಧ. ಆದ್ದರಿಂದ ಮೊದಲು ತಪ್ಪೊಪ್ಪಿಗೆ, ಆಮೇಲೆ ಇತಿಹಾಸ.

ಕಳೆದ ಯುಗಾದಿಯ ಊಟಕ್ಕೆ ಹೋಳಿಗೆ ಮಾಡುವುದೆಂದು ತೀರ್ಮಾನವಾಗಿತ್ತು. ಈ ದೇಶದಲ್ಲಿ ಯುಗಾದಿ ಬರುವುದು ಎಲೆ ಉದುರುವ ಕಾಲಕ್ಕೆ. ಮಾವಿನ ಚಿಗುರಿಲ್ಲ, ಬೇವಿನ ಹೂವಿಲ್ಲ. ಹೋಳಿಗೆಯಾದರೂ ಇರಲಿ ಎಂಬುದು ಎಲ್ಲರ ಆಸೆ. ಬೆಳಿಗ್ಗೆ ಏಳು ಗಂಟೆಗೇ ಬಾಡಿಗೆಗೆ ಹಿಡಿದ ಸಭಾಂಗಣದ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ತೊಗರಿಬೇಳೆ ಬೇಯುತ್ತಿತ್ತು. ಬೆಂದ ಬೇಳೆಯ ನೀರು ಬಸಿಯುವ ಕೆಲಸ ನಮ್ಮ ಪಾಲಿಗೆ ಬಂತು. ಡಾಕ್ಟರಿಗೆ ಇದಕ್ಕಿಂತ ಹೆಚ್ಚಿನ ಜವಾಬ್ದಾರಿ ಕೊಟ್ಟರೆ ಅಪಾಯ ಎಂದು ಹೆಂಗಸರು ಮೊದಲೇ ನಿರ್ಧರಿಸಿದ್ದರು. ಆ ಅಡುಗೆಮನೆಯಲ್ಲಿ ಒಂದು ಭಾರಿ ಸ್ಟೀಲಿನ ತೂತು ಬೋಗುಣಿ ಇತ್ತು, ಇಲ್ಲಿಯವರು ಕೋಲಾಂಡರ್ ಎನ್ನುವುದು. ಅದನ್ನು ಸಿಂಕಿನಲ್ಲಿಟ್ಟು ಬೇಳೆ ಸುರಿದೆವು. ಹಬೆ ಎದ್ದಿತು, ನೀರು ಇಳಿಯಿತು, ಬೇಳೆ ಚೆನ್ನಾಗಿ ಬಸಿದು ಕೂತಿತು. ಕೆಲಸ ಮುಗಿಸಿದ ಹೆಮ್ಮೆಯಿಂದ ಕೈ ಒರೆಸಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಒಂದು ಚೀತ್ಕಾರ ಕೇಳಿಸಿತು.

"ಅಯ್ಯೋ, ಕಟ್ಟು! ಕಟ್ಟು ಎಲ್ಲಿ ಹಾಕಿದಿರಿ?"

ಮಗನ ಮನೆಗೆಂದು ಊರಿನಿಂದ ಬಂದಿದ್ದ ಹಿರಿಯರೊಬ್ಬರು ಸಿಂಕಿನ ಬಾಯಿಯನ್ನು ನೋಡುತ್ತ ನಿಂತಿದ್ದರು. ಹೋಳಿಗೆ ಸಾರಿಗೆ ಬೇಕಾದ ಕಟ್ಟು, ಅಂದರೆ ಬೇಳೆ ಬಸಿದ ಆ ಹಳದಿ ರಸ, ಅಷ್ಟೂ ಚರಂಡಿಯ ಪಾಲಾಗಿತ್ತು. ಅಂದು ನೂರೈವತ್ತು ಜನ ಹೋಳಿಗೆ ಉಂಡರು, ಹೋಳಿಗೆ ಸಾರು ಉಣ್ಣಲಿಲ್ಲ. ಯಾರೂ ನಮ್ಮನ್ನು ಬಯ್ಯಲಿಲ್ಲ. ಆ ತಾಯಿ ಮಾತ್ರ ಮೆಲ್ಲಗೆ, "ಕೆಳಗೊಂದು ಪಾತ್ರೆ ಇಡಬೇಕೆಂದು ಯಾರೂ ಹೇಳಿಕೊಡಲಿಲ್ಲವೇ ನಿಮಗೆ?" ಎಂದು ಕೇಳಿದರು.

ಕೇಳಬೇಕಾದ ಪ್ರಶ್ನೆಯೇ. ಅದರ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಓದುಗ ಮಿತ್ರರ ಮುಂದಿಡುತ್ತಿದ್ದೇವೆ.

ಮೊದಲು ಪದಗಳನ್ನು ನೋಡೋಣ. ನೀರಿನಿಂದ ಗಟ್ಟಿಯನ್ನು ಬೇರೆ ಮಾಡುವುದಕ್ಕೆ ಕನ್ನಡದಲ್ಲಿ ಒಂದೇ ಮಾತಿಲ್ಲ. ಅನ್ನವನ್ನು ಬಸಿಯುತ್ತೇವೆ, ಕಾಫಿಯನ್ನು ಸೋಸುತ್ತೇವೆ, ಹಿಟ್ಟನ್ನು ಜರಡಿ ಹಿಡಿಯುತ್ತೇವೆ, ನೀರನ್ನು ಬಟ್ಟೆಯಲ್ಲಿ ಗಾಳಿಸುತ್ತೇವೆ. ಕರಾವಳಿಯವರು ಅನ್ನವನ್ನು ಬಾಗಿಸುತ್ತಾರೆ, ಏಕೆಂದರೆ ಪಾತ್ರೆಯನ್ನು ಬಾಗಿಸಿ ಇಟ್ಟೇ ಗಂಜಿಯನ್ನು ಇಳಿಸಬೇಕು. ಉಪಕರಣಗಳಿಗೂ ಊರಿಗೊಂದು ಹೆಸರು. ಮೈಸೂರು ಕಡೆ ಒಂದರಿ ಎಂದರೆ ಬಡಗಣ ಜಿಲ್ಲೆಗಳಲ್ಲಿ ಸಾಣಿಗೆ. ಬೂಂದಿ ಕರಿಯುವವನ ಕೈಯಲ್ಲಿ ಝಾರಿ, ಕಾಫಿಗೆ ಸೋಸುವ ಬಟ್ಟೆ, ಅನ್ನಕ್ಕೆ ಸಿಬ್ಬಲು.

ಸಿಬ್ಬಲನ್ನು ನಮ್ಮ ಮಕ್ಕಳು ಕಂಡಿಲ್ಲ, ಆದ್ದರಿಂದ ಸ್ವಲ್ಪ ವಿವರಿಸಬೇಕು. ಪಾತ್ರೆಯ ಬಾಯಿಗೆ ಸರಿಹೊಂದುವ ಗುಂಡನೆಯ ಮುಚ್ಚಳ ಅದು. ಬಿದಿರಿನದೋ, ಮರದ್ದೋ, ತೂತು ಕೊರೆದ ಹಿತ್ತಾಳೆಯದೋ ಇರುತ್ತಿತ್ತು. ಅನ್ನ ಬೆಂದ ಮೇಲೆ ಅದನ್ನು ಬಾಯಿಗೆ ಒತ್ತಿ ಹಿಡಿದು, ಬಟ್ಟೆ ಸುತ್ತಿದ ಕೈಗಳಿಂದ ಇಡೀ ಪಾತ್ರೆಯನ್ನು ಬಗ್ಗಿಸಬೇಕು. ಅನ್ನ ಒಳಗೇ ನಿಲ್ಲುತ್ತದೆ, ಗಂಜಿ ಹೊರಗೆ ಬರುತ್ತದೆ. ತಮಿಳಿನಲ್ಲಿ ಇದಕ್ಕೆ ಸಿಪ್ಪಲ್ ಎಂದೂ ತೆಲುಗಿನಲ್ಲಿ ಸಿಬ್ಬಿ ಎಂದೂ ಹೇಳುತ್ತಾರೆ. ಮೂರು ಭಾಷೆಗಳು ಒಂದೇ ಪದವನ್ನು ಹಂಚಿಕೊಂಡಿವೆ ಎಂದರೆ ವಸ್ತು ಎಷ್ಟು ಹಳೆಯದೆಂದು ಊಹಿಸಬಹುದು. ಬಿದಿರಿನ ಜರಡಿ, ಮೊರ, ಬುಟ್ಟಿಗಳನ್ನು ಹೆಣೆದು ಕೊಡುತ್ತಿದ್ದವರು ಮೇದರು. 12ನೇ ಶತಮಾನದ ಶರಣ ಮೇದಾರ ಕೇತಯ್ಯನವರದೂ ಇದೇ ಕಾಯಕ.

ಇಲ್ಲಿ ಒಂದು ಅಂಶ ಗಮನಿಸಬೇಕು. ಸಿಬ್ಬಲು ಎಂದೂ ಒಂಟಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅದರ ಕೆಳಗೆ ಯಾವಾಗಲೂ ಇನ್ನೊಂದು ಪಾತ್ರೆ ಇರುತ್ತಿತ್ತು. ಆ ಗಂಜಿಗೆ ಉಪ್ಪು, ಮಜ್ಜಿಗೆ ಹಾಕಿ ಮನೆಮಂದಿ ಕುಡಿಯುತ್ತಿದ್ದರು. ಉಳಿದದ್ದು ಕೊಟ್ಟಿಗೆಯ ದನಕ್ಕೆ ಹೋಗುತ್ತಿತ್ತು. ಹಬ್ಬದ ಹಿಂದಿನ ದಿನವಾದರೆ ನೂಲಿನ ಸೀರೆಗೂ ಪಂಚೆಗೂ ಅದೇ ಗಂಜಿ. ಬೇಳೆಯ ಕಟ್ಟು ಹೋಳಿಗೆ ಸಾರಾಯಿತು. ಮಂಡ್ಯ, ಹಾಸನ, ತುಮಕೂರು ಕಡೆಯ ಮನೆಗಳಲ್ಲಿ ಕಾಳು ಮತ್ತು ಸೊಪ್ಪನ್ನು ಒಟ್ಟಿಗೆ ಬೇಯಿಸಿ ಬಸಿದು, ಮೇಲೆ ನಿಂತದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿದರು, ಕೆಳಗೆ ಇಳಿದದ್ದಕ್ಕೆ ಖಾರ ರುಬ್ಬಿ ಹಾಕಿ ಸಾರು ಮಾಡಿದರು. ಬಸಿದ ಸಾರು, ಬಾಯಲ್ಲಿ ಬಸ್ಸಾರು. ಉಪ್ಸಾರಿನದೂ ಇದೇ ದಾರಿ. ಬಸಿಯುವ ಕ್ರಿಯೆಯೇ ಹೆಸರಾಗಿ ಒಂದು ಮುಖ್ಯ ಅಡುಗೆಯೇ ಇರುವುದು, ಅದೂ ಕೆಳಗೆ ಇಳಿದ ನೀರಿನ ಗೌರವಕ್ಕೆ, ನಮಗಂತೂ ಹೆಮ್ಮೆಯ ವಿಷಯ.

ಈ ಬುದ್ಧಿ ಎಷ್ಟು ಹಳೆಯದು? ತೂತುಳ್ಳ ಪಾತ್ರೆಯ ಇತಿಹಾಸವೇ ಬಹಳ ದೂರ ಹೋಗುತ್ತದೆ. ಪೋಲೆಂಡ್ ದೇಶದಲ್ಲಿ ಸಿಕ್ಕ ಸುಮಾರು 7,000 ವರ್ಷ ಹಿಂದಿನ ತೂತು ಮಡಕೆಯ ಚೂರುಗಳನ್ನು ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಪರೀಕ್ಷಿಸಿ, ಮಣ್ಣಿನೊಳಗೆ ಇಂಗಿದ್ದ ಹಾಲಿನ ಕೊಬ್ಬನ್ನು ಪತ್ತೆ ಮಾಡಿದರು. ಅವು ಗಿಣ್ಣದಂತೆ ಹೆಪ್ಪುಗಟ್ಟಿದ ಹಾಲಿನಿಂದ ನೀರು ಬಸಿಯುವ, ಅಂದರೆ ಚೀಸ್ ಮಾಡುವ ಪಾತ್ರೆಗಳೆಂದು 2012ರಲ್ಲಿ ಪ್ರಕಟಿಸಿದರು. ನಮ್ಮ ಹರಪ್ಪ, ಮೊಹೆಂಜೊದಾರೊಗಳಲ್ಲಿಯೂ ಮೈತುಂಬ ತೂತಿರುವ ಉದ್ದನೆಯ ಮಡಕೆಗಳು ಸಿಕ್ಕಿವೆ. ಅವೂ ಸೋಸಲು ಬಳಕೆಯಾಗಿರಬಹುದೆಂದು ಹಲವು ವಿದ್ವಾಂಸರ ಅಭಿಪ್ರಾಯ.

ಕನ್ನಡ ನಾಡಿನ ಬರಹಗಳಿಗೆ ಬಂದರೆ, ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ಬರೆದ 'ಲೋಕೋಪಕಾರ' ಇದೆ. ಜನಸಾಮಾನ್ಯರಿಗೆ ಬೇಕಾದ ಜ್ಯೋತಿಷ, ವೈದ್ಯ, ಬಾವಿ ತೋಡುವುದು, ಅಡುಗೆ ಎಲ್ಲವೂ ಆ ಒಂದೇ ಪುಸ್ತಕದಲ್ಲಿವೆ. ಅದರಲ್ಲಿ ಇಡ್ಲಿಯ ಪೂರ್ವಜನಂತಿರುವ ಒಂದು ತಿಂಡಿಯ ವಿಧಾನವಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು ಮತ್ತು ಮಸಾಲೆ ಬೆರೆಸಬೇಕು ಎನ್ನುತ್ತಾನೆ ಚಾವುಂಡರಾಯ. ಗಮನಿಸಿ: ಗಟ್ಟಿ ಮೊಸರಲ್ಲ, ಅದರಿಂದ ಬೇರೆಯಾದ ತಿಳಿ. ಸಾವಿರ ವರ್ಷದ ಹಿಂದೆಯೇ ಕನ್ನಡದ ಅಡುಗೆಮನೆಯಲ್ಲಿ ಕೆಳಗೊಂದು ಪಾತ್ರೆ ಇತ್ತು ಎಂದಾಯಿತಲ್ಲ! ಅದಾಗಿ ನೂರು ವರ್ಷಕ್ಕೆ, 1130ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಬಂತು. ಹುಳಿ ಹಾಕಿ ಹಾಲನ್ನು ಒಡೆಸಿ, ಬಟ್ಟೆಯಲ್ಲಿ ಸೋಸಿ, ಉಳಿದ ಗಟ್ಟಿಯಿಂದ ಸಿಹಿ ಮಾಡುವ ಕ್ರಮ ಆ ಸಂಸ್ಕೃತ ಗ್ರಂಥದಲ್ಲಿದೆ. ಚೀಸಿನ ದೇಶದಲ್ಲಿ ಕುಳಿತಿರುವ ನಮಗೆ ಇದು ತಿಳಿದಿರಲಿ.

ಇನ್ನು ವೈದ್ಯನಾಗಿ ಕೆಲವು ಮಾತು. ಬಸಿದ ಗಂಜಿಯೊಡನೆ ಏನು ಹೋಗುತ್ತದೆ? ಸ್ವಲ್ಪ ಪಿಷ್ಟ ಹೋಗುತ್ತದೆ, ನೀರಿನಲ್ಲಿ ಕರಗುವ ಬಿ ಗುಂಪಿನ ವಿಟಮಿನ್ನುಗಳು ಹೋಗುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಬಿ1, ಥಯಾಮಿನ್. ಅದು ಸಾಲದೆ ಬಂದರೆ ಬರುವ ಕಾಯಿಲೆ ಬೆರಿಬೆರಿ. ಕಾಲು ಜೋಮು ಹಿಡಿಯುತ್ತದೆ, ನಡೆಯಲಾಗುವುದಿಲ್ಲ, ಕೆಲವರಲ್ಲಿ ಹೃದಯವೇ ಸೋಲುತ್ತದೆ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಐಕ್ಮನ್, ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳು ಇದೇ ರೀತಿ ಕುಂಟುವುದನ್ನು ಕಂಡರು. ಆ ಕಾಣ್ಕೆಗಾಗಿ 1929ರಲ್ಲಿ ಅವರಿಗೆ ನೊಬೆಲ್ ಬಂತು. ಭಾರತದಲ್ಲಿ ಈ ಕೆಲಸ ನಡೆದದ್ದು ನಮ್ಮ ಮೈಸೂರಿಗೆ ಹತ್ತಿರದ ನೀಲಗಿರಿಯ ಕೂನೂರಿನಲ್ಲಿ, ಮೊದಲು ಮೆಕ್ಯಾರಿಸನ್, ಆಮೇಲೆ ಆಯ್ಕ್ರಾಯ್ಡ್ ಎಂಬ ವೈದ್ಯರ ನೇತೃತ್ವದಲ್ಲಿ. ಗಿರಣಿಯ ಬೆಳ್ತಿಗೆ ಅಕ್ಕಿ ತಿನ್ನುವ ಆಂಧ್ರದ ಉತ್ತರ ಕರಾವಳಿಯಲ್ಲಿ ಬೆರಿಬೆರಿ ಇತ್ತು, ಕುಚ್ಚಲಕ್ಕಿ ತಿನ್ನುವವರಲ್ಲಿ ಅಪರೂಪ. ಕಾರಣ ಸರಳ. ಭತ್ತವನ್ನು ಸಿಪ್ಪೆ ಸಮೇತ ಕುದಿಸಿದಾಗ ತೌಡಿನಲ್ಲಿದ್ದ ವಿಟಮಿನ್ ಕಾಳಿನ ಒಳಕ್ಕೆ ಇಳಿದು ಕೂರುತ್ತದೆ. ಆಮೇಲೆ ಗಿರಣಿಗೆ ಹೋದರೂ, ತೊಳೆದರೂ, ಬಸಿದರೂ ಪೂರ್ತಿ ಹೋಗುವುದಿಲ್ಲ. ಮಂಗಳೂರು, ಉಡುಪಿ, ಕಾಸರಗೋಡಿನ ನಮ್ಮವರು ಕುಚ್ಚಲಕ್ಕಿ ಉಂಡು, ಮೇಲಿಂದ ಅದರ ತೆಳಿಯನ್ನೂ ಕುಡಿಯುತ್ತಿದ್ದರು. ಅವರಿಗೆ ಯಾವ ಪ್ರಯೋಗಾಲಯವೂ ಹೇಳಿಕೊಟ್ಟಿರಲಿಲ್ಲ.

ಭೇದಿಯಾದ ಮಗುವಿಗೆ ಅಜ್ಜಿಯರು ಕೊಡುತ್ತಿದ್ದದ್ದೂ ಉಪ್ಪು ಹಾಕಿದ ತಿಳಿ ಗಂಜಿಯೇ. ಕಾಲರಾದಲ್ಲಿ ಸಕ್ಕರೆಯ ಬದಲು ಅಕ್ಕಿಹಿಟ್ಟಿನಿಂದ ಮಾಡಿದ ಪುನರ್ಜಲೀಕರಣ ದ್ರಾವಣವೂ ಚೆನ್ನಾಗಿ ಕೆಲಸ ಮಾಡುತ್ತದೆಂದು 1980ರ ದಶಕದಲ್ಲಿ ಢಾಕಾದ ಸಂಶೋಧಕರು ತೋರಿಸಿಕೊಟ್ಟರು. ಉಪ್ಪು ಮತ್ತು ಪಿಷ್ಟದ ಅಳತೆ ಸರಿಯಿರಬೇಕು, ಆದ್ದರಿಂದ ಈಗ ಔಷಧದಂಗಡಿಯ ಪೊಟ್ಟಣವೇ ಕ್ಷೇಮ. ಆದರೆ ಅಜ್ಜಿಯ ದಾರಿ ತಪ್ಪು ದಾರಿಯಾಗಿರಲಿಲ್ಲ.

ಹಾಗಾದರೆ ಬಸಿದದ್ದನ್ನೆಲ್ಲ ಕುಡಿಯಲೇಬೇಕೆ? ಹಾಗೂ ಅಲ್ಲ. ಮೂತ್ರಪಿಂಡ ಸೋತ ರೋಗಿಗಳಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಪ್ರಾಣಾಪಾಯ. ಅಂಥವರಿಗೆ ತರಕಾರಿ, ಕಾಳುಗಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿ ಎಂದೇ ಹೇಳುತ್ತೇವೆ. ಅವರ ಪಾಲಿಗೆ ಬಸ್ಸಾರಿನ ಪಲ್ಯ ಆದೀತು, ಸಾರು ಆಗದು. ಅಕ್ಕಿಯಲ್ಲಿ ಆರ್ಸೆನಿಕ್ ಹೆಚ್ಚಿರುವ ಪ್ರದೇಶಗಳಲ್ಲಿಯೂ ಬಸಿದು ಚೆಲ್ಲಿದರೆ ಅದರ ಪ್ರಮಾಣ ಕಡಿಮೆಯಾಗುತ್ತದೆ. ಇನ್ನು ಸಕ್ಕರೆ ಕಾಯಿಲೆಯವರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆ: "ಡಾಕ್ಟ್ರೇ, ಗಂಜಿ ಬಸಿದು ಅನ್ನ ತಿಂದರೆ ಎಷ್ಟು ಬೇಕಾದರೂ ತಿನ್ನಬಹುದಲ್ಲ?" ಇಲ್ಲ ಸ್ವಾಮಿ. ಗಂಜಿಯಲ್ಲಿ ಹೋಗುವುದು ಸ್ವಲ್ಪ. ತಟ್ಟೆಯಲ್ಲಿ ಉಳಿದ ಅನ್ನ ಅನ್ನವೇ.

ಕಾಫಿ ಪ್ರಿಯರಿಗೂ ಒಂದು ಮಾತು. ಬಾಬಾಬುಡನ್‌ಗಿರಿಯ ನಾಡಿನವರಾದ ನಮಗೆ ಎರಡಂತಸ್ತಿನ ಹಿತ್ತಾಳೆ ಫಿಲ್ಟರು ಮನೆದೇವರಿದ್ದಂತೆ. ಇಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ಕೆಳಗೆ ಇಳಿದದ್ದು ನಮಗೆ, ಮೇಲೆ ನಿಂತ ಗಸಿ ಗುಲಾಬಿ ಗಿಡಕ್ಕೆ. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಗೃಹಿಣಿ ಮೆಲಿಟ್ಟಾ ಬೆಂಟ್ಸ್, ಹಿತ್ತಾಳೆ ಪಾತ್ರೆಗೆ ಮೊಳೆಯಿಂದ ತೂತು ಹೊಡೆದು ಮಗನ ಪುಸ್ತಕದ ಒತ್ತುಕಾಗದವನ್ನು ಅದರಲ್ಲಿಟ್ಟು ಕಾಫಿ ಸೋಸಿದರು. ಕಾಗದದ ಫಿಲ್ಟರು ಹುಟ್ಟಿದ್ದು ಹೀಗೆ. ಅದರ ಆರೋಗ್ಯಲಾಭ ತಿಳಿದದ್ದು ಬಹಳ ತಡವಾಗಿ. ಕುದಿಸಿದ ಕಾಫಿಯನ್ನು ಹೆಚ್ಚು ಕುಡಿಯುವವರ ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿರುವುದನ್ನು 1980ರ ದಶಕದಲ್ಲಿ ನಾರ್ವೆಯ ಟ್ರಾಮ್ಸೊದ ವೈದ್ಯರು ಗುರುತಿಸಿದರು. ಅದಕ್ಕೆ ಕಾರಣವಾದ ಕಾಫಿಬೀಜದ ಎಣ್ಣೆಯಂಶವನ್ನು ಕಾಗದ ಬಹುಮಟ್ಟಿಗೆ ತಡೆಯುತ್ತದೆ. ನಮ್ಮ ಹಿತ್ತಾಳೆ ಫಿಲ್ಟರು ಅಷ್ಟು ತಡೆಯುವುದಿಲ್ಲ. ದಿನಕ್ಕೆ ಎರಡು ಲೋಟಕ್ಕೆ ಹೆದರಬೇಕಾಗಿಲ್ಲ, ಆರಕ್ಕೆ ಏರಿಸುವವರು ಯೋಚಿಸಲಿ.

ಸೋಸುವ ಉಪಕರಣಗಳಲ್ಲೆಲ್ಲ ತೀರ ಅಗ್ಗವಾದದ್ದು, ಅತ್ಯಂತ ಹೆಚ್ಚು ಜನರನ್ನು ಕಾಪಾಡಿದ್ದು ಮಾತ್ರ ಬೇರೆ. ಅದು ಒಂದು ತುಂಡು ಬಟ್ಟೆ.

ನಾವು ಎಂಬಿಬಿಎಸ್ ಓದುತ್ತಿದ್ದಾಗ ಮೊಣಕಾಲು ನೋವೆಂದು ಬಂದ ಉತ್ತರ ಕರ್ನಾಟಕದ ಮುದುಕರೊಬ್ಬರ ಎಕ್ಸ್‌ರೇ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೂಳೆಯ ಪಕ್ಕದಲ್ಲಿ ಸುರುಳಿ ಸುತ್ತಿದ ಬಿಳಿ ದಾರ! ಅದು ಸತ್ತು ಸುಣ್ಣಗಟ್ಟಿದ ನಾರುಹುಣ್ಣಿನ ಹುಳು. ಅವರನ್ನು ಕೇಳಿದರೆ, "ಸಣ್ಣಾಂವ ಇದ್ದಾಗ ಬಂದಿತ್ರೀ. ಊರಾಗ ಎಲ್ಲಾರಿಗೂ ಬರತಿತ್ತು. ಬಿತ್ತೂ ಹೊತ್ತಿಗೇ ಬಂದು ಮಲಗಸ್ತಿತ್ತು" ಎಂದರು. ಆ ಕೊನೆಯ ಮಾತಿನಲ್ಲಿ ಆ ರೋಗದ ಕ್ರೌರ್ಯವೆಲ್ಲ ಇದೆ. ಮೂರಡಿಯವರೆಗೂ ಬೆಳೆಯುವ ಹುಳು ಕಾಲಿನ ಚರ್ಮ ಒಡೆದು ವಾರಗಟ್ಟಲೆ ಹೊರಬರುತ್ತದೆ. ಜನ ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲದಂತೆ ಎಳೆಯುತ್ತಿದ್ದರು. ಅಷ್ಟು ದಿನ ರೈತ ಹೊಲಕ್ಕೆ ಹೋಗುವಂತಿಲ್ಲ. ಇದಕ್ಕೆ ಅಂದೂ ಔಷಧವಿರಲಿಲ್ಲ, ಲಸಿಕೆಯಿರಲಿಲ್ಲ. ಇಂದೂ ಇಲ್ಲ.

ಆದರೂ ರೋಗ ಹೋಯಿತು. ಹೇಗೆ? ರಷ್ಯದ ವಿಜ್ಞಾನಿ ಫೆಡ್ಚೆಂಕೊ 1870ರಲ್ಲಿಯೇ ಅದರ ಗುಟ್ಟನ್ನು ಕಂಡುಹಿಡಿದಿದ್ದರು. ರೋಗಿ ಮೆಟ್ಟಿಲುಬಾವಿಗೆ ಇಳಿದು ಹುಣ್ಣಿನ ಕಾಲನ್ನು ನೀರಿಗೆ ಅದ್ದಿದಾಗ ಹುಳು ಸಾವಿರಾರು ಮರಿಗಳನ್ನು ಬಿಡುತ್ತದೆ. ಅವನ್ನು ಸೈಕ್ಲಾಪ್ಸ್ ಎಂಬ ನೀರುಚಿಗಟ ನುಂಗುತ್ತದೆ. ಆ ಚಿಗಟವಿರುವ ನೀರನ್ನು ಕುಡಿದವನ ಮೈಯಲ್ಲಿ ಸುಮಾರು ಒಂದು ವರ್ಷಕ್ಕೆ ಹುಳು ಹೊರಬರುತ್ತದೆ. ಚಿಗಟದ ಗಾತ್ರ ಒಂದೆರಡು ಮಿಲಿಮೀಟರ್, ಅಂದರೆ ಒತ್ತಾದ ಬಟ್ಟೆಯಲ್ಲಿ ನಿಲ್ಲುವಷ್ಟು. ಭಾರತ ಸರ್ಕಾರ 1983-84ರಲ್ಲಿ ನಿರ್ಮೂಲನ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಆಗ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ಕೊಳವೆಬಾವಿ ತೋಡಿಸಿದರು, ನೀರಿಗೆ ಔಷಧಿ ಹಾಕಿದರು. ಮನೆಮನೆಗೆ ಹೋಗಿ, ಕೊಡದ ಬಾಯಿಗೆ ಎರಡು ಪದರ ಬಟ್ಟೆಯನ್ನೋ ನೈಲಾನ್ ಜಾಲರಿಯನ್ನೋ ಕಟ್ಟಿ ನೀರು ಸೋಸುವುದನ್ನು ಕಲಿಸಿದರು. ಕಟ್ಟಕಡೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಘೋಷಿಸಿತು. ಸಿಡುಬಿನ ಸೋಲಿಗೆ ಲಸಿಕೆ ಬೇಕಾಯಿತು. ನಾರುಹುಣ್ಣನ್ನು ಸೋಲಿಸಿದ ಸೈನ್ಯದಲ್ಲಿ ಅರ್ಧ ಗಜ ಬಟ್ಟೆಗೂ ಒಂದು ಸ್ಥಾನವಿತ್ತು.

ನೀರನ್ನು ಬಟ್ಟೆಯಲ್ಲಿ ಗಾಳಿಸುವುದು ನಮ್ಮ ನಾಡಿಗೆ ಹೊಸದೇನೂ ಆಗಿರಲಿಲ್ಲ. ಜೈನರು ಅನಾದಿಯಿಂದ ಗಾಳಿಸಿದ ನೀರನ್ನೇ ಕುಡಿಯುತ್ತ ಬಂದವರು. ಅವರ ಕಾರಣ ತಮ್ಮ ಆರೋಗ್ಯವಲ್ಲ, ನೀರಿನೊಳಗಿನ ಸಣ್ಣ ಜೀವಗಳ ಪ್ರಾಣ. ಆದ್ದರಿಂದ ಬಟ್ಟೆಯಲ್ಲಿ ನಿಂತದ್ದನ್ನು ಕೊಡವಿ ಬಿಸಾಡದೆ, ಬಂದ ನೀರಿಗೇ ಜೋಪಾನವಾಗಿ ಹಿಂದಿರುಗಿಸಬೇಕೆಂಬ ನಿಯಮವಿದೆ. ಮೇಲೆ ನಿಂತದ್ದಕ್ಕೂ ಒಂದು ಜಾಗ, ಕೆಳಗೆ ಇಳಿದದ್ದಕ್ಕೂ ಒಂದು ಜಾಗ. ಇನ್ನೊಂದು ಕೌತುಕವನ್ನೂ ಕೇಳಿ. 2003ರಲ್ಲಿ ಅಮೆರಿಕದ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ಮಾಡಿದ ಅಧ್ಯಯನ ಪ್ರಕಟವಾಯಿತು. ಹಲವು ಪದರ ಮಡಿಸಿದ ಹಳೆಯ ಸೀರೆಯಲ್ಲಿ ನೀರು ಸೋಸಿದವರಲ್ಲಿ ಕಾಲರಾ ಶೇಕಡ 48ರಷ್ಟು ಇಳಿದಿತ್ತು. ಕಾಲರಾದ ಕ್ರಿಮಿ ಬಟ್ಟೆಯ ತೂತಿಗಿಂತ ಎಷ್ಟೋ ಚಿಕ್ಕದು. ಆದರೆ ಅದು ನೀರಿನಲ್ಲಿ ಅಂಟಿಕೊಂಡು ಬಾಳುವುದು ಸೈಕ್ಲಾಪ್ಸ್‌ನ ಬಳಗದ ಚಿಗಟಗಳ ಮೈಗೇ. ಚಿಗಟ ನಿಂತರೆ ಅದರ ಬೆನ್ನೇರಿದ ಕ್ರಿಮಿಯೂ ನಿಂತಿತು. ಹೊಸ ಸೀರೆಗಿಂತ ಒಗೆದು ಒಗೆದು ಸವೆದ ಸೀರೆಯೇ ಮೇಲು, ಏಕೆಂದರೆ ಅದರ ನೂಲು ಬಿಚ್ಚಿ ಹರಡಿ ತೂತುಗಳು ಇನ್ನೂ ಕಿರಿದಾಗುತ್ತವೆ.

ಈಗ ನಾವಿರುವ ನೆಲಕ್ಕೆ ಬರೋಣ. ನ್ಯೂಜಿಲೆಂಡಿನಲ್ಲಿ ತುತು ಎಂಬ ಗಿಡವಿದೆ. ಕಾಡಂಚಿನಲ್ಲಿ, ಹೊಳೆಯ ದಂಡೆಯಲ್ಲಿ ನಡೆಯಲು ಹೋದವರು ಕಂಡಿರಬಹುದು, ಕಪ್ಪು ನೇರಿಳೆ ಬಣ್ಣದ ಹಣ್ಣಿನ ಗೊಂಚಲುಗಳು ಜೋತಾಡುತ್ತಿರುತ್ತವೆ. ಎಲೆ, ಕಾಂಡ, ಬೀಜ ಎಲ್ಲವೂ ಘೋರ ವಿಷ. ತಿಂದರೆ ಅಪಸ್ಮಾರದಂತೆ ಸೆಳವು ಬಂದು ಪ್ರಾಣ ಹೋಗಬಹುದು. ವಿಷವಿಲ್ಲದ್ದು ಬೀಜವನ್ನು ಸುತ್ತಿರುವ ಆ ರಸಭರಿತ ಎಸಳು ಮಾತ್ರ. ಮಾವೊರಿ ಜನ ಈ ಹಣ್ಣನ್ನು ಬಿಡಲಿಲ್ಲ. ಹಾರಕೆಕೆ ನಾರಿನಿಂದ ಚೀಲ ಹೆಣೆದು, ಒಳಗೆ ತೊಯಿತೊಯಿ ಹುಲ್ಲಿನ ಮೃದುವಾದ ತೆನೆಗಳನ್ನು ಹಾಸಿ, ಅದರ ಮೂಲಕ ಹಣ್ಣನ್ನು ಹಿಂಡಿ ಸೋಸಿದರು. ಒಂದೂ ಬೀಜ ಕೆಳಗೆ ಇಳಿಯಬಾರದು. ಸಿಹಿಯ ಮೂಲಗಳು ಕಡಿಮೆಯಿದ್ದ ಈ ದ್ವೀಪಗಳಲ್ಲಿ ಆ ರಸವನ್ನು ಕುಡಿದರು, ಜರೀಗಿಡದ ಬೇರಿನ ಜೊತೆ ಉಂಡರು. ಜಗತ್ತಿನ ಅಡುಗೆಮನೆಗಳಲ್ಲಿ ಪ್ರಾಣವನ್ನೇ ಪಣಕ್ಕಿಟ್ಟು ಹೆಣೆದ ಸೋಸುಕ ಇದಕ್ಕಿಂತ ಬೇರೊಂದು ಇರಲಾರದು. ನಮ್ಮ ಓದುಗರು ಮಾತ್ರ ದಯವಿಟ್ಟು ಪರೀಕ್ಷಿಸಲು ಹೋಗಬಾರದು. ಆ ಕಲೆ ತಲೆಮಾರುಗಳಿಂದ ಕಲಿತವರದು.

ಮಾವೊರಿ ಭಾಷೆಯಲ್ಲಿ ಸೋಸುವುದಕ್ಕೆ 'ತಾತಾರಿ' ಎನ್ನುತ್ತಾರೆ. ಇಂದು ಅದೇ ಪದವನ್ನು ವಿಶ್ಲೇಷಿಸು ಎಂಬ ಅರ್ಥದಲ್ಲಿಯೂ ಬಳಸುತ್ತಾರೆ. ನಮ್ಮಲ್ಲಿಯೂ ಶೋಧಿಸು ಎಂದರೆ ಸೋಸು ಎಂದೂ ಆಗುತ್ತದೆ, ಹುಡುಕಿ ತಿಳಿ ಎಂದೂ ಆಗುತ್ತದೆ. ಸಾಗರದ ಎರಡು ದಡದ ಭಾಷೆಗಳಿಗೆ ಒಂದೇ ಯೋಚನೆ ಹೊಳೆದಿದೆ.

ಸೋಸುವುದಕ್ಕೂ ಒಂದು ಮಿತಿಯಿದೆ ಎಂಬುದನ್ನೂ ಇದೇ ತುತು ಕಲಿಸಿತು. ಈ ಗಿಡದ ರಸ ಹೀರುವ ಒಂದು ಸಣ್ಣ ಕೀಟ ಸ್ರವಿಸುವ ಸಿಹಿಯನ್ನು ಜೇನುಹುಳುಗಳು ಕೊಂಡೊಯ್ದರೆ ವಿಷ ಜೇನಿಗೇ ಸೇರುತ್ತದೆ. 2008ರಲ್ಲಿ ಕೊರೊಮ್ಯಾಂಡಲ್ ಕಡೆಯ ವಾಂಗಮಟಾದ ಜೇನು ತಿಂದ ಹಲವರು ಹೀಗೆ ಆಸ್ಪತ್ರೆ ಸೇರಿದರು. ಬೀಜವನ್ನು ಜಾಲರಿ ತಡೆದೀತು, ಕರಗಿದ ವಿಷವನ್ನು ಯಾವ ಬಟ್ಟೆಯೂ ತಡೆಯದು. 2016ರ ಆಗಸ್ಟಿನಲ್ಲಿ ಹ್ಯಾವ್‌ಲಾಕ್ ನಾರ್ತ್ ಎಂಬ ಸುಮಾರು 14,000 ಜನರ ಊರಿನಲ್ಲಿ 5,000ಕ್ಕೂ ಹೆಚ್ಚು ಮಂದಿ ನಲ್ಲಿ ನೀರಿನಿಂದ ಕಾಯಿಲೆ ಬಿದ್ದರು. ಕುರಿಗಳ ಸಗಣಿಯಿಂದ ಬಂದ ಕ್ಯಾಂಪಿಲೊಬ್ಯಾಕ್ಟರ್ ಕ್ರಿಮಿ ಅದಕ್ಕೆ ಕಾರಣ. 2023ರ ಸೆಪ್ಟೆಂಬರಿನಲ್ಲಿ ಕ್ವೀನ್ಸ್‌ಟೌನಿನಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಇನ್ನೊಂದು ಜೀವಿಯಿಂದ ಭೇದಿ ಹರಡಿ, ಊರಿಗೆ ಊರೇ ನೀರು ಕುದಿಸಿ ಕುಡಿಯಬೇಕಾಯಿತು. ಕಣ್ಣಿಗೆ ಸ್ಫಟಿಕದಂತೆ ಕಾಣುವ ನೀರು! ಕ್ಲೋರಿನ್ನಿಗೂ ಬಗ್ಗದ ಆ ಜೀವಿಗೆ ಅತಿನೇರಳೆ ಕಿರಣದ ಯಂತ್ರವೇ ಬೇಕಾಯಿತು. ಚಿಗಟಕ್ಕೆ ಬಟ್ಟೆ ಸಾಕು, ಕ್ರಿಮಿಗೆ ಕುದಿತ ಬೇಕು. ಟ್ರ್ಯಾಂಪಿಂಗಿಗೆ ಹೋಗುವ ನಮ್ಮ ಯುವಕರು ಇದನ್ನು ನೆನಪಿಡಲಿ.

ಇಷ್ಟೆಲ್ಲ ಕಥೆಯಿರುವ ಸಿಬ್ಬಲು ನಮ್ಮ ಮನೆಗಳಿಂದ ಹೋದದ್ದೆಲ್ಲಿಗೆ? ಅದನ್ನು ಓಡಿಸಿದ್ದು ಪ್ರೆಶರ್ ಕುಕ್ಕರು. ಒತ್ತಡದಲ್ಲಿ ಬೇಯಿಸುವ ಪಾತ್ರೆಯನ್ನು 1679ರಲ್ಲಿ ಲಂಡನ್ನಿನಲ್ಲಿ ಮೊದಲು ತೋರಿಸಿದವರು ಡೆನಿಸ್ ಪಪ್ಯಾನ್. ಅವರೂ ವೈದ್ಯಕೀಯ ಓದಿದವರೇ, ಆದ್ದರಿಂದ ಈ ಅಪರಾಧದಲ್ಲಿ ನಮ್ಮ ವೃತ್ತಿಯ ಪಾಲು ಹಳೆಯದು! 1950ರ ದಶಕದ ಕೊನೆಯ ಹೊತ್ತಿಗೆ ಭಾರತದಲ್ಲಿಯೇ ಕುಕ್ಕರುಗಳು ತಯಾರಾಗತೊಡಗಿದವು. ಅಳತೆಯ ನೀರು, ಮೂರು ಸೀಟಿ, ಅನ್ನ ತಯಾರು. ಬಸಿಯುವ ಮಾತೇ ಇಲ್ಲ. ವಿಟಮಿನ್ ಪಾತ್ರೆಯಲ್ಲೇ ಉಳಿಯಿತು, ಹೆಂಗಸರ ಕೈ ಸುಡುವುದು ತಪ್ಪಿತು, ಸೌದೆಯೂ ಉಳಿಯಿತು. ಇದನ್ನು ನಷ್ಟವೆಂದು ಅಳುವವರು ಕುದಿಯುವ ಅನ್ನದ ಪಾತ್ರೆಯನ್ನು ಒಮ್ಮೆ ಬಗ್ಗಿಸಿ ನೋಡಲಿ. ನಮ್ಮ ಅಜ್ಜಿಯ ಎಡಗೈಯಲ್ಲಿ ಗಂಜಿ ಬಿದ್ದ ಕಲೆ ಕೊನೆಯವರೆಗೂ ಇತ್ತು.

ಆದ್ದರಿಂದ ಸಿಬ್ಬಲು ಹೋಯಿತೆಂದು ನಾವು ಕೊರಗುವುದಿಲ್ಲ. ಕೊರಗಬೇಕಾದದ್ದು ಅದರ ಕೆಳಗಿನ ಪಾತ್ರೆಗೆ. ಕೋಲಾಂಡರ್ ಕೆಟ್ಟ ಉಪಕರಣವೇನಲ್ಲ. ಆದರೆ ಅದರ ಜಾಗ ಸಿಂಕು, ಅದರ ಕೆಳಗೆ ಇರುವುದು ಚರಂಡಿ. ಅದನ್ನು ಕೈಗೆ ತೆಗೆದುಕೊಂಡ ಕೂಡಲೆ, ಕೆಳಗೆ ಇಳಿಯುವುದೆಲ್ಲ ಬೇಡವಾದದ್ದು ಎಂದು ಕೈ ತಾನಾಗಿ ನಂಬಿಬಿಡುತ್ತದೆ. ಮೂವತ್ತು ವರ್ಷ ವೈದ್ಯವೃತ್ತಿ ಮಾಡಿ, ಥಯಾಮಿನ್, ಪೊಟ್ಯಾಸಿಯಂ ಎಂದು ಬಾಯಿಪಾಠ ಹೇಳುವ ನಮಗೇ ಅಂದು ಹಾಗಾಯಿತು. ಏನನ್ನು ಉಳಿಸಬೇಕು, ಏನನ್ನು ಚೆಲ್ಲಬೇಕು ಎಂಬುದನ್ನು ಜಾಲರಿ ತೀರ್ಮಾನಿಸುವುದಿಲ್ಲ. ಅದು ಬೇರೆ ಮಾಡಿ ಕೊಡುತ್ತದೆ, ಅಷ್ಟೆ. ತೀರ್ಮಾನ ಹಿಡಿದವರದು. ಆ ತೀರ್ಮಾನ ಯಾವ ಪುಸ್ತಕದಲ್ಲಿಯೂ ಇರಲಿಲ್ಲ, ಅಡುಗೆಮನೆಯಲ್ಲಿ ಪಕ್ಕದಲ್ಲಿ ನಿಂತು ನೋಡಿದವರಿಗೆ ಬರುತ್ತಿತ್ತು. ನಮ್ಮ ಕಾಲದ ಗಂಡುಮಕ್ಕಳನ್ನು ಅಲ್ಲಿ ಯಾರೂ ನಿಲ್ಲಿಸಿಕೊಳ್ಳಲಿಲ್ಲ, ನಾವೂ ನಿಲ್ಲಲಿಲ್ಲ. ಆ ತಾಯಿಯ ಪ್ರಶ್ನೆಗೆ ನಿಜವಾದ ಉತ್ತರ ಇದು.

ಅವರು ಈಗ ಊರಿಗೆ ಹಿಂದಿರುಗಿದ್ದಾರೆ. ಹೊರಡುವ ಮುನ್ನ ಒಂದು ಶನಿವಾರ ನಮ್ಮ ಮನೆಗೆ ಬಂದು ಬಸ್ಸಾರು ಮಾಡಿ ತೋರಿಸಿದರು. ಸಬ್ಬಸಿಗೆ ಸೊಪ್ಪು, ಹೆಸರುಕಾಳು, ಅದೇ ಸ್ಟೀಲಿನ ಕೋಲಾಂಡರ್, ಕೆಳಗೆ ಒಂದು ಅಗಲವಾದ ಪಾತ್ರೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳೂ ಪಕ್ಕದಲ್ಲಿ ನಿಂತು ನೋಡಿದಳು. ಕಟ್ಟು ಇಳಿಯುವುದನ್ನು ನೋಡಿ ಅವಳೇ ಕೇಳಿದಳು, "ಇಷ್ಟು ದಿನ ಇದನ್ನೆಲ್ಲ ಚೆಲ್ಲುತ್ತಿದ್ದೆವಾ?" ಎಂದು.

ಬರುವ ಯುಗಾದಿಗೆ ಬೇಳೆ ಬಸಿಯುವ ಕೆಲಸವನ್ನು ಮತ್ತೆ ನಮಗೇ ಕೊಡಬೇಕೆಂದು ಕೂಟದ ಅಡುಗೆ ಸಮಿತಿಯಲ್ಲಿ ಈ ಮೂಲಕ ವಿನಂತಿಸುತ್ತೇವೆ. ಪಾತ್ರೆಯನ್ನು ಮನೆಯಿಂದಲೇ ತರುತ್ತೇವೆ.